ಬಿಲ್ಲೆಯ ಬೆನ್ನಿನ ಹೆಸರು

ಹಿಂದೆ ಕಚೇರಿಯ ದಫೇದಾರನ ಎದೆಯ ಪಟ್ಟಿಯ ಮೇಲೆ ಹೊಳೆಯುತ್ತಿದ್ದ ಹಿತ್ತಾಳೆಯ ಬಿಲ್ಲೆಯನ್ನು ನಮ್ಮಲ್ಲಿ ಹಿರಿಯರಾದವರು ಕಂಡಿದ್ದಾರೆ. ಆ ಬಿಲ್ಲೆ ಅವನದಲ್ಲ, ಸರ್ಕಾರದ್ದು. ನಿವೃತ್ತನಾದ ದಿನ ಅವನು ಅದನ್ನು ಒಪ್ಪಿಸಿ ಹೋಗುತ್ತಿದ್ದ. ಮರುದಿನ ಅದೇ ಬಿಲ್ಲೆ ಮತ್ತೊಬ್ಬನ ಎದೆಯನ್ನೇರುತ್ತಿತ್ತು. ಬಿಲ್ಲೆಯನ್ನು ನೋಡಿ ಕಚೇರಿ ಯಾವುದೆಂದು ತಿಳಿಯಬಹುದಾಗಿತ್ತೇ ಹೊರತು ಮನುಷ್ಯ ಯಾರೆಂದು ತಿಳಿಯುವಂತಿರಲಿಲ್ಲ.

ಬಿರುದು-ಪದಕಗಳ ಮಾತು ಬೇರೆಯಾಗಬೇಕು. ಅವು ಒಬ್ಬ ವ್ಯಕ್ತಿಗೆ, ಅವನು ಮಾಡಿದ ಒಂದು ಕಾರ್ಯಕ್ಕಾಗಿ ಸಲ್ಲತಕ್ಕವು. ಆದರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಅವೂ ದಫೇದಾರನ ಬಿಲ್ಲೆಯ ಗತಿಯನ್ನೇ ಹೊಂದುತ್ತವೆ. ಪಡೆದವನು ತೀರಿಕೊಳ್ಳುತ್ತಾನೆ, ಮಕ್ಕಳು ಪೆಟ್ಟಿಗೆಯ ತಳದಲ್ಲಿಡುತ್ತಾರೆ, ಮೊಮ್ಮಕ್ಕಳು ಹಳೆಯ ಪಾತ್ರೆಗಳ ಜೊತೆಗೆ ತೂಕಕ್ಕೆ ಹಾಕುತ್ತಾರೆ. ಆಗ ಸಂಗ್ರಾಹಕ ಬರುತ್ತಾನೆ. ಲೋಹ ಯಾವುದು, ಮೆರುಗು ಮಾಸಿದೆಯೇ, ಇಂಥದು ಲೋಕದಲ್ಲಿ ಎಷ್ಟು ಉಳಿದಿವೆ ಎಂದು ಕೇಳುತ್ತಾನೆ. ಕೆಲವರು ಮಾತ್ರ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಇದನ್ನು ಧರಿಸಿದವನು ಯಾರು?

ಈ ಹವ್ಯಾಸದ ವಿಚಾರವನ್ನು ಸಾಹಿತ್ಯದ ಪುಟಕ್ಕೆ ಏಕೆ ತರಬೇಕೆಂದು ವಾಚಕರು ಕೇಳಬಹುದು. ಸಂಗ್ರಹವೂ ಒಂದು ಬಗೆಯ ಓದೇ ಎಂಬುದು ನನ್ನ ಉತ್ತರ. ಗೌರವದ ಚಿಹ್ನೆ ಎಂಬುದು ಬಹು ಸಂಕ್ಷಿಪ್ತವಾದ ಒಂದು ಕೃತಿ. ಅದು ಏನು ಹೇಳುತ್ತದೆ, ಯಾರನ್ನು ಕುರಿತು ಹೇಳುತ್ತದೆ, ಹೇಳಿದ್ದು ದಿಟವೇ ಎಂಬ ಮೂರು ಪ್ರಶ್ನೆಗಳನ್ನು ಕಾವ್ಯಕ್ಕೆ ಹೇಗೋ ಹಾಗೆ ಅದಕ್ಕೂ ಹಾಕಬಹುದು. ಈ ಪ್ರಶ್ನೆಗಳನ್ನು ಹಿಡಿದು ಮೂರು ಬಗೆಯ ಚಿಹ್ನೆಗಳನ್ನು ಇಲ್ಲಿ ಓದಿ ನೋಡುತ್ತೇನೆ. ಒಂದು ಜರ್ಮನಿಯದು; ಇನ್ನೊಂದು ಈಸ್ಟ್ ಇಂಡಿಯಾ ಕಂಪನಿಯದು; ಮೂರನೆಯದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿಯೂ ಅದರ ನೆರೆಯಲ್ಲಿಯೂ ನಿಂತ ನಮ್ಮ ಕಲ್ಲುಗಳದು.

ಜರ್ಮನಿಯ ನಾಜಿ ಪಕ್ಷ 1933ರಲ್ಲಿ ಒಂದು ಚಿನ್ನದ ಬಿಲ್ಲೆಯನ್ನು ಏರ್ಪಡಿಸಿತು. 1925ರಲ್ಲಿ ಆ ಪಕ್ಷವನ್ನು ಮತ್ತೆ ಕಟ್ಟಿದಾಗಿನಿಂದ ಎಣಿಸಿ ಮೊದಲ ಒಂದು ಲಕ್ಷ ಸಂಖ್ಯೆಯೊಳಗೆ ಸೇರಿದವರಾಗಿ, ನಡುವೆ ಬಿಡದೆ ಉಳಿದವರಿಗೆ ಅದು ಸಲ್ಲುತ್ತಿತ್ತು. ಹಾಗೆ ಅರ್ಹರಾದವರು ಸುಮಾರು 22 ಸಾವಿರ ಮಂದಿ. ಸಮವಸ್ತ್ರಕ್ಕೆ 30 ಮಿಲಿಮೀಟರಿನದು, ಸಾದಾ ಉಡುಪಿಗೆ 24 ಮಿಲಿಮೀಟರಿನದು ಎಂದು ಎರಡು ಅಳತೆ. ಮುಖದಲ್ಲಿ ಎಲ್ಲಕ್ಕೂ ಒಂದೇ ಗುರುತು. ಬೆನ್ನಿನಲ್ಲಿ ಮಾತ್ರ ಪಡೆದವನ ಸದಸ್ಯ ಸಂಖ್ಯೆಯನ್ನು ಒತ್ತುತ್ತಿದ್ದರು. ಪಕ್ಷದ ಮುಖಂಡ ತನ್ನ ಇಷ್ಟದಿಂದ ಕೆಲವರಿಗೆ ಗೌರವಾರ್ಥವಾಗಿ ಕೊಟ್ಟ ಬಿಲ್ಲೆಗಳಲ್ಲಿ ಸಂಖ್ಯೆಯ ಬದಲು ಅವನ ಹೆಸರಿನ ಎರಡು ಮೊದಲಕ್ಷರ ಮತ್ತು ತಾರೀಖು ಇರುತ್ತಿದ್ದವು. ಕೊಟ್ಟವನ ಹೆಸರುಂಟು, ಪಡೆದವನದಿಲ್ಲ. ಆ ಆಡಳಿತದ ಸ್ವಭಾವವನ್ನು ತಿಳಿಯಲು ಇಷ್ಟೇ ಸಾಕು.

ಬೆನ್ನಿನ ಆ ಸಂಖ್ಯೆಯ ಮಹತ್ವ ತಿಳಿದದ್ದು ಯುದ್ಧ ಮುಗಿದ ಮೇಲೆ. 1945ರಲ್ಲಿ ಸೋಲು ಬಾಗಿಲಿಗೆ ಬಂದಾಗ ಪಕ್ಷದವರು ತಮ್ಮ ಸದಸ್ಯರ ಚೀಟಿಗಳನ್ನೆಲ್ಲ ಮ್ಯೂನಿಕ್ ಸಮೀಪದ ಕಾಗದದ ಗಿರಣಿಯೊಂದಕ್ಕೆ ಅರೆಯಲು ಕಳುಹಿಸಿದರು. ಗಿರಣಿಯ ಯಜಮಾನ ಹಾನ್ಸ್ ಹೂಬರ್ ಅವುಗಳನ್ನು ಅರೆಯದೆ ಬೇರೆ ರದ್ದಿಯ ಕೆಳಗೆ ಮುಚ್ಚಿಟ್ಟ. ಒಂದು ಕೋಟಿಗೂ ಮಿಕ್ಕಿದ ಆ ಚೀಟಿಗಳು ಅಮೆರಿಕನ್ನರ ಕೈಸೇರಿ, ಬರ್ಲಿನ್ನಿನ ದಾಖಲೆ ಕೇಂದ್ರದಲ್ಲಿದ್ದು, 1994ರಲ್ಲಿ ಜರ್ಮನಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಬಂದವು. ‘ಕಾಲದ ಒತ್ತಾಯಕ್ಕೆ ಸಿಕ್ಕಿ ಸೇರಿದೆವು, ಸೇರದಿದ್ದರೆ ಅನ್ನ ಹೋಗುತ್ತಿತ್ತು’ ಎಂದು ಯುದ್ಧಾನಂತರ ಹೇಳಿದವರು ಬಹಳ ಮಂದಿ. ಅಂಥವರಲ್ಲಿ ಕೆಲವರ ಮಾತು ದಿಟವೂ ಇರಬಹುದು. ಆದರೆ ಚಿನ್ನದ ಬಿಲ್ಲೆ ಪಡೆದ ಹಳೆಯ ಸದಸ್ಯ ಹಾಗೆನ್ನುವಂತಿಲ್ಲ. ಪಕ್ಷ ಅಧಿಕಾರಕ್ಕೆ ಬರುವ ಎಷ್ಟೋ ವರ್ಷ ಮುಂಚೆ, ಯಾರ ಒತ್ತಾಯವೂ ಇಲ್ಲದಾಗ, ತಾನಾಗಿ ಸೇರಿದವನೆಂದು ಅವನ ಬಿಲ್ಲೆಯ ಬೆನ್ನೇ ನುಡಿಯುತ್ತದೆ. ಮೆರೆಯುವುದಕ್ಕೆಂದು ಒತ್ತಿದ ಸಂಖ್ಯೆ ಕೊನೆಗೆ ಸಾಕ್ಷಿಯಾಗಿ ನಿಂತಿತು.

ಹಾಗೆಂದು ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಆ ಪಕ್ಷದ ಮೂಲರೂಪವಾದ ಸಣ್ಣ ಸಂಘದಲ್ಲಿ ಹಿಟ್ಲರನ ಸದಸ್ಯ ಸಂಖ್ಯೆ 555 ಆಗಿತ್ತು. ಸಂಘದಲ್ಲಿ ಐನೂರು ಜನ ಆಗಲೇ ಇದ್ದರೆಂದು ಇದರಿಂದ ತೋರುತ್ತದೆ. ದಿಟವೆಂದರೆ, ಸಂಘ ದೊಡ್ಡದೆಂದು ಕಾಣಲೆಂದು ಎಣಿಕೆಯನ್ನು 501ರಿಂದ ಆರಂಭಿಸಿದ್ದರು. ಇನ್ನೊಂದು ಸಂಗತಿ: 1945ರ ಏಪ್ರಿಲ್ ಕೊನೆಯಲ್ಲಿ, ತಾನು ಸಾಯುವ ಕೆಲವು ದಿನ ಮುಂಚೆ, ಹಿಟ್ಲರ್ ತನ್ನ ಚಿನ್ನದ ಬಿಲ್ಲೆಯನ್ನು ತೆಗೆದು ಗೋಬೆಲ್ಸನ ಪತ್ನಿ ಮಾಗ್ಡಾಳಿಗೆ ಕೊಟ್ಟ. ಬಿಲ್ಲೆ ಸಿಕ್ಕಿದವನೇ ಪಡೆದವನೆಂದು ಹೇಳುವವನು ಇಂಥಲ್ಲಿ ಎಡವುತ್ತಾನೆ. ಆದ್ದರಿಂದ ಬಿಲ್ಲೆ, ಸಂಖ್ಯೆ, ಚೀಟಿ ಈ ಮೂರನ್ನೂ ಒಂದರ ಪಕ್ಕದಲ್ಲೊಂದಿಟ್ಟು ಓದುವುದು ಸಂಶೋಧಕನ ಕರ್ತವ್ಯ. ಬಿಲ್ಲೆಯೊಂದನ್ನೇ ಮಖಮಲ್ಲಿನ ಮೇಲಿಟ್ಟು ನೋಡುವುದು ಬರಿಯ ಶೋಕಿ. ಆ ಗುರುತಿನ ಹೆಸರಿನಲ್ಲಿ ಲಕ್ಷೋಪಲಕ್ಷ ಜನರನ್ನು ಕೊಂದಿರುವಾಗ ಅದು ಶೋಕಿಗಿಂತ ಕೀಳಾದುದು. ಜರ್ಮನಿಯ ಕಾಯಿದೆ ಇದನ್ನು ಅರಿತಿದೆ. ಆ ಚಿಹ್ನೆಗಳ ಬಹಿರಂಗ ಪ್ರದರ್ಶನವನ್ನು ಅಲ್ಲಿಯ ದಂಡಸಂಹಿತೆ ನಿಷೇಧಿಸಿ, ಸಂಶೋಧನೆ, ಬೋಧನೆಗಳಿಗೆ ಅವಕಾಶ ಉಳಿಸಿದೆ. ಯುದ್ಧಪದಕಗಳನ್ನು ಸ್ವಸ್ತಿಕವಿಲ್ಲದೆ ಮಾತ್ರ ಧರಿಸಬಹುದೆಂದು 1957ರ ಕಾನೂನು ಹೇಳಿತು. ಮೆರೆಸುವುದು ಬೇರೆ, ಓದುವುದು ಬೇರೆ ಎಂಬ ಈ ವಿವೇಕ ವಿಮರ್ಶಕನಿಗೂ ಸಲ್ಲುವಂಥದು.

ಜರ್ಮನ್ ಬಿಲ್ಲೆಗೆ ಸಂಖ್ಯೆಯಾದರೂ ಇತ್ತು. ನಮ್ಮ ನೆಲದಲ್ಲಿ ನಡೆದ ಯುದ್ಧದ ಪದಕಕ್ಕೆ ಅದೂ ಇಲ್ಲ. ಮಾಗಡಿಯ ಕಡೆ ಹೋದವರಿಗೆಲ್ಲ ಸಾವನದುರ್ಗದ ಬೆಟ್ಟ ಚೆನ್ನಾಗಿ ಗೊತ್ತು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ 1791ರ ಡಿಸೆಂಬರ್ 21ರಂದು ಆ ದುರ್ಗವನ್ನು ಲಗ್ಗೆ ಹತ್ತಿ ಹಿಡಿಯಿತು. ಅಜೇಯವೆಂದು ಹೆಸರಾಗಿದ್ದ ಕೋಟೆ ಒಂದು ಗಂಟೆಯೊಳಗೆ ಬಿತ್ತು. ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ ಭಾರತೀಯ ಸೈನಿಕರಿಗಾಗಿ ಕಂಪನಿ ಒಂದು ಪದಕವನ್ನು ಮಾಡಿಸಿತು: ಸುಬೇದಾರರಿಗೆ ಚಿನ್ನದ್ದು, ಕೆಳಗಿನವರಿಗೆ ಬೆಳ್ಳಿಯದು. ಮುಖದಲ್ಲಿ ಒಬ್ಬ ಸಿಪಾಯಿ. ಒಂದು ಕೈಯಲ್ಲಿ ಬ್ರಿಟಿಷ್ ಬಾವುಟ. ಇನ್ನೊಂದರಲ್ಲಿ ತಲೆಕೆಳಗಾಗಿ ಹಿಡಿದ ಮೈಸೂರಿನ ಬಾವುಟ. ಹಿಂದೆ ಕೋಟೆಯ ಊರು. ಬೆನ್ನಿನಲ್ಲಿ ಇಂಗ್ಲಿಷ್ ಮತ್ತು ಪಾರಸೀ ಬರೆಹ: ಮೈಸೂರಿನಲ್ಲಿ ಸಲ್ಲಿಸಿದ ಸೇವೆಗಾಗಿ ಎಂಬ ಅರ್ಥದ ಮಾತು, ಜೊತೆಗೆ 1791-1792 ಎಂಬ ಇಸವಿ. ಕನ್ನಡ ನಾಡಿನ ಯುದ್ಧದ ಪದಕದಲ್ಲಿ ಕನ್ನಡದ ಒಂದಕ್ಷರವಿಲ್ಲ. ಪಡೆದವನ ಹೆಸರೂ ಇಲ್ಲ.

ಕೃತಿಯೆಂದು ನೋಡಿದರೆ ಈ ಪದಕದ ದೋಷ ಸ್ಪಷ್ಟವಾಗಿದೆ. ಅಲ್ಲಿ ಸಿಪಾಯಿ ಇದ್ದಾನೆ, ಆದರೆ ಅವನು ಯಾವ ಸಿಪಾಯಿಯೂ ಅಲ್ಲ. ಕಾವ್ಯದಲ್ಲಿ ಸಾಧಾರಣೀಕರಣದಿಂದ ರಸ ಹುಟ್ಟುತ್ತದೆಂದು ಆಲಂಕಾರಿಕರು ಹೇಳಿದ್ದಾರೆ. ದುಷ್ಯಂತನ ದುಃಖ ನಮ್ಮ ದುಃಖವಾಗುವುದು ಹಾಗೆ. ಆದರೆ ಅಲ್ಲಿ ಮೊದಲು ದುಷ್ಯಂತನೆಂಬ ಒಬ್ಬನಿರಬೇಕು. ಪದಕದ ಸಾಧಾರಣೀಕರಣದಲ್ಲಿ ವ್ಯಕ್ತಿಯೂ ಇಲ್ಲ, ರಸವೂ ಇಲ್ಲ. ಉಳಿದದ್ದು ಕೊಟ್ಟವನ ಗೆಲವು ಮಾತ್ರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದುದಕ್ಕಾಗಿ ಮಾಡಿಸಿದ ಇನ್ನೊಂದು ಪದಕದಲ್ಲಿ ಹುಲಿಯನ್ನು ಕೆಡವಿದ ಸಿಂಹ ಬಂದಿದೆ. ಅದನ್ನು ಮೇಲಿನವರಿಗೆ ಚಿನ್ನದಲ್ಲಿ, ತಳದ ಸೈನಿಕರಿಗೆ ತವರದ ಮಿಶ್ರಲೋಹದಲ್ಲಿ ಹಂಚಿದರು. ಅದರ ಮೇಲೂ ಹೆಸರಿಲ್ಲ. ಇಂದು ಇಂಥ ಪದಕ ಕೈಗೆ ಸಿಕ್ಕವನು ಲೋಹವನ್ನು ನೋಡಿ ಪಡೆದವನ ಅಂತಸ್ತನ್ನು ಊಹಿಸಬಹುದು. ಅವನ ಮನೆ-ಮಠ, ಅವನು ಮಾಡಿದ ಕೆಲಸ ಇವುಗಳನ್ನು ಕುರಿತು ಪದಕ ಬಾಯಿ ಬಿಡುವುದಿಲ್ಲ. ದುರ್ಗದ ಒಳಗಿದ್ದು ಸತ್ತವರ ಮಾತಂತೂ ದೂರ.

ಹೀಗೆ ಕೊಟ್ಟವನ ಗೆಲವನ್ನೇ ಸಾರುವ ಬಿಲ್ಲೆಯನ್ನು ಊರಿಗೂ ತೊಡಿಸಬಹುದು. ಇಂದಿನ ರಾಮನಗರಕ್ಕೆ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ನೆನಪಿಗಾಗಿ ಕ್ಲೋಸ್‌ಪೇಟೆ ಎಂದು ಹೆಸರಿಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಆ ಹೆಸರು ಹೋಯಿತು. ಅಲ್ಲಿಯ ಬಂಡೆಗೆ ಭೂಗರ್ಭಶಾಸ್ತ್ರಜ್ಞರು ಕೊಟ್ಟ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರು ಮಾತ್ರ ಇನ್ನೂ ಉಳಿದಿದೆ. ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ 2007ರಲ್ಲಿ ಮಾಡಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಮೇಲಿನಿಂದ ತೊಡಿಸಿದ ಹೆಸರು ಮೇಲಿನವರ ಮನಸ್ಸು ಬದಲಾದಾಗ ಬದಲಾಗುತ್ತದೆ. ಕೆಳಗಿನಿಂದ, ಒಬ್ಬನ ಬದುಕು-ಸಾವುಗಳಿಂದ ಹುಟ್ಟಿದ ಹೆಸರಿನ ಬಾಳಿಕೆ ಬೇರೆ. ಅದಕ್ಕೆ ನಮ್ಮ ಶಾಸನಗಳು ಸಾಕ್ಷಿ.

ಚನ್ನಪಟ್ಟಣವನ್ನು ದಾಟಿ ಮೈಸೂರಿನ ಕಡೆಗೆ ಹೊರಟರೆ ನೆರೆಯದೇ ಮದ್ದೂರು ತಾಲ್ಲೂಕು. ಅಲ್ಲಿಯ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಅವನ ಕಡೆಯ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಸಂದರ್ಭ. ಆ ಕಾಳಗದಲ್ಲಿ ಮಣಲೆರನೆಂಬ ವೀರ ಎದ್ದುಕಾಣುವಂತೆ ಹೋರಾಡಿದ. ಮೆಚ್ಚಿದ ಒಡೆಯ, ಬೇಕಾದುದನ್ನು ಕೇಳಿಕೋ ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಒಟ್ಟಿಗೆ ಸತ್ತವು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಂತಿತು. ಕಲ್ಲಿನ ಪೂಜೆಗೆ ಭೂಮಿಯ ದತ್ತಿ ಬಂತು. ಮಣಲೆರನಿಗೆ ಆತಕೂರು ಹನ್ನೆರಡು ಬಾಳ್ಗಚ್ಚಾಗಿ ಸಂದಿತು. ಬಾಳ್ಗಚ್ಚು ಎಂದರೆ ಕತ್ತಿಯನ್ನು ತೊಳೆದು ಕೊಟ್ಟ ಉಂಬಳಿ.

ಪ್ರಶಸ್ತಿಯ ಬರೆಹ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನನಗೆ ತೋರದು. ಕೊಟ್ಟವನು ಯಾರು, ಪಡೆದವನು ಯಾರು, ಯಾವ ಕಾಳಗ, ಏನು ಕೊಡುಗೆ, ಕೊಡುಗೆಯ ಗತಿ ಮುಂದೇನಾಯಿತು, ನೆನಪನ್ನು ಕಾಯುವ ಹೊಣೆ ಯಾರದು ಎಂಬುದೆಲ್ಲ ಒಂದೇ ಕಲ್ಲಿನ ಮೇಲಿದೆ. ಚಕ್ರವರ್ತಿಯ ಬಿರುದುಗಳಿಂದ ಆರಂಭವಾದ ಬರೆಹ ನಾಯಿ-ಹಂದಿಗಳ ಹೋರಾಟದಲ್ಲಿ ಬಂದು ನಿಲ್ಲುತ್ತದೆ. ಹಾಗೆ ನಿಲ್ಲುವುದರಲ್ಲಿ ನಗೆಯಾಗಲಿ ಔಚಿತ್ಯಭಂಗವಾಗಲಿ ಇಲ್ಲ. ರಾಜ್ಯದ ದೊಡ್ಡ ಸಂಗತಿಯೂ ಒಬ್ಬನ ಮನೆಯ ಪ್ರೀತಿಯೂ ಒಂದೇ ಗಾಂಭೀರ್ಯದಿಂದ ನಡೆಯುತ್ತವೆ. ನಾಯಿಯ ಮೇಲಿನ ಆ ಪ್ರೀತಿಯಿಂದಲೇ ಮಣಲೆರ ನಮಗೆ ಮನುಷ್ಯನಾಗಿ ಕಾಣುವುದು. ಶೌರ್ಯವೊಂದನ್ನೇ ಹೇಳಿದ್ದರೆ ಅವನೂ ಕಂಪನಿಯ ಪದಕದ ಸಿಪಾಯಿಯಾಗುತ್ತಿದ್ದ.

ಓದಿನ ಹೊಣೆ ಎಷ್ಟು ದೊಡ್ಡದೆಂಬುದನ್ನೂ ಈ ಕಲ್ಲೇ ಕಲಿಸುತ್ತದೆ. ಬೂತುಗ ರಾಜಾದಿತ್ಯನನ್ನು ಕೊಂದ ಬಗೆಯನ್ನು ಹೇಳುವಲ್ಲಿ ಒಂದು ಪದ ಬರುತ್ತದೆ. ಮೊದಲು ಪ್ರಕಟಿಸಿದ ಫ್ಲೀಟ್ ಅದನ್ನು ‘ಕಳ್ಳ’ ಎಂಬ ಅರ್ಥದಲ್ಲಿ ತೆಗೆದುಕೊಂಡುದರಿಂದ ಬೂತುಗ ವಂಚಕನಾದ. ಅದು ‘ಕಳ’, ಎಂದರೆ ರಣಭೂಮಿ, ಆನೆಯ ಮೇಲಣ ಅಂಬಾರಿಯೇ ರಣಭೂಮಿಯಾಯಿತು ಎಂಬುದು ತಾತ್ಪರ್ಯ, ಎಂದು ಆಮೇಲೆ ತಿದ್ದಿಕೊಂಡರು. ಒಂದು ಒತ್ತಕ್ಷರದ ಮೇಲೆ ಸಾವಿರ ವರ್ಷದ ಹಿಂದಿನ ಒಬ್ಬನ ಮಾನ ನಿಂತಿತ್ತು. ಬಿಲ್ಲೆಯ ಬೆನ್ನಿನ ಸಂಖ್ಯೆಯನ್ನು ತಪ್ಪಾಗಿ ಓದಿ ಇನ್ನೊಬ್ಬನ ಮನೆಯ ಮೇಲೆ ಕಳಂಕ ಹೊರಿಸುವವನೂ ಇದೇ ತಪ್ಪನ್ನು ಮಾಡುತ್ತಾನೆ.

ಬೆಂಗಳೂರಿನ ಬಳಿಯ ಬೇಗೂರಿನ ಪ್ರಸಿದ್ಧ ವೀರಗಲ್ಲನ್ನೂ ಇಲ್ಲಿ ನೆನೆಯಬೇಕು. ಗಂಗ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಎದುರು ಕಾದಿ, ಆನೆಗಳ ನಡುವೆ ಮಡಿದ. ಅದನ್ನು ಕೇಳಿದ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಪಟ್ಟವೆಂದರೆ ಮೂಲದಲ್ಲಿ ಹಣೆಗೆ ಕಟ್ಟುವ ತಗಡು. ಅದೂ ಒಂದು ಬಿಲ್ಲೆಯೇ. ಇಲ್ಲಿಯೂ ಒಬ್ಬನ ಬಿಲ್ಲೆ ಇನ್ನೊಬ್ಬನಿಗೆ ಹೋಯಿತು, ದಫೇದಾರನದರಂತೆ. ಆದರೆ ಎಂಥ ಅಂತರ! ಇರುಗನ ಹಣೆಗೆ ಬಂದ ಪಟ್ಟದ ಹಿಂದೆ ಸತ್ತವನ ಹೆಸರಿದೆ. ಅವನು ಏಕೆ ಸತ್ತನೆಂಬುದನ್ನು ಕಲ್ಲು ಹೇಳುತ್ತಿದೆ. ನೆನಪು ಹಸ್ತಾಂತರವಾಯಿತು, ಅಳಿಯಲಿಲ್ಲ.

ಕಲ್ಲಿನ ಈ ಪದ್ಧತಿ ಗ್ರಂಥಕ್ಕೂ ಬಂದಿದೆ. ಕ್ರಿ.ಶ. 978ರಲ್ಲಿ ರಚಿತವಾದ ಚಾವುಂಡರಾಯ ಪುರಾಣದಲ್ಲಿ ಗ್ರಂಥಕಾರ ತನ್ನ ಬಿರುದುಗಳನ್ನು ಬರಿದೆ ಸಾಲಾಗಿ ಪೋಣಿಸುವುದಿಲ್ಲ. ಖೇಡಗದ ಕಾಳಗದಲ್ಲಿ ವಜ್ವಳದೇವನನ್ನು ಗೆದ್ದುದಕ್ಕೆ ಸಮರಧುರಂಧರ. ನೊಳಂಬರೊಡನೆ ಗೋನೂರ ಬಯಲಲ್ಲಿ ಕಾದಿದ್ದಕ್ಕೆ ವೀರಮಾರ್ತಂಡ. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೆದುರು ತೋರಿದ ಪರಾಕ್ರಮಕ್ಕೆ ರಣರಂಗಸಿಂಗ. ತನ್ನ ತಮ್ಮ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ವಧಿಸಿದ್ದಕ್ಕೆ ಸಮರಪರಶುರಾಮ. ಪ್ರತಿಯೊಂದು ಬಿರುದಿಗೂ ಊರು, ಎದುರಾಳಿ, ಕಾರಣ ಉಂಟು. ಕೊನೆಯದರಲ್ಲಿ ತಮ್ಮನನ್ನು ಕಳೆದುಕೊಂಡ ಅಣ್ಣನ ದುಃಖವೂ ಸೇರಿದೆ. (ಈ ರಾಜಾದಿತ್ಯ ಆತಕೂರಿನ ಕಲ್ಲಿನ ಚೋಳನಲ್ಲ, ಅವನು ಆಗಲೇ ತೀರಿಹೋಗಿದ್ದ. ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ಮಾಡುವುದೂ ಸಂಗ್ರಾಹಕರ ಹಳೆಯ ತಪ್ಪುಗಳಲ್ಲೊಂದು.)

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಇವೆಲ್ಲ ಹೊಗಳಿಕೆಯ ಬರೆಹಗಳೇ ಅಲ್ಲವೇ? ಚಾವುಂಡರಾಯ ಹೇಳುವುದು ತನ್ನನ್ನು ಕುರಿತೇ ಅಲ್ಲವೇ? ಅಹುದು. ನಮ್ಮವೆಂಬ ಕಾರಣಕ್ಕೆ ನಮ್ಮ ಪ್ರಶಸ್ತಿಗಳನ್ನು ನಂಬಬೇಕಾಗಿಲ್ಲ. ಸೋತ ರಾಜನೂ ಶಾಸನದಲ್ಲಿ ಸಮುದ್ರದವರೆಗೆ ಆಳಿದ್ದಾನೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ನೋಡಿರಿ. ಕನ್ನಡದ ಮೊದಲ ತ್ರಿಪದಿಗಳು ಅಲ್ಲಿವೆ. ಸಾಹಿತ್ಯದೃಷ್ಟಿಯಿಂದ ಅದಕ್ಕೆ ಸಾಟಿಯಾದ ಕಲ್ಲು ವಿರಳ. ಆದರೆ ಆ ಅರಭಟ್ಟ ಯಾರು, ಯಾವ ಕಾರ್ಯದಿಂದ ಆ ಗುಣವಾಚಕಗಳನ್ನು ಸಂಪಾದಿಸಿದ ಎಂಬುದು ಆ ಕಲ್ಲಿನಿಂದ ತಿಳಿಯದು. ಪದ್ಯ ಚಿನ್ನದ್ದು, ಅದರ ಬೆನ್ನು ಬರಿದು. ಆದ್ದರಿಂದ ನಮ್ಮದು-ಹೊರಗಿನದು ಎಂಬ ಭೇದ ಇಲ್ಲಿ ಸಲ್ಲದು. ಕಾರಣವನ್ನು ಹೇಳುವ ಪ್ರಶಸ್ತಿಯನ್ನು ಇನ್ನೊಂದು ದಾಖಲೆಯ ಪಕ್ಕದಲ್ಲಿಟ್ಟು ಪರೀಕ್ಷಿಸಬಹುದು. ಕಾರಣ ಹೇಳದ ಪ್ರಶಸ್ತಿಯನ್ನು ಮೆಚ್ಚಬಹುದು, ಇಲ್ಲವೇ ಬಿಡಬಹುದು, ಅಷ್ಟೆ.

ಇನ್ನು ನಮ್ಮ ಸಂಗ್ರಹದ ರೀತಿಯನ್ನು ಪರಿಶೀಲಿಸೋಣ. ಬೆಂಗಳೂರು ಜಿಲ್ಲೆಯ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು ಬಿ. ಎಲ್. ರೈಸರು 1905ರಲ್ಲಿ ಹೊರತಂದರು. ಮಾಗಡಿ, ಚನ್ನಪಟ್ಟಣ, ಅಂದು ಕಾನಕಾನಹಳ್ಳಿಯಾಗಿದ್ದ ಇಂದಿನ ಕನಕಪುರ, ಈ ತಾಲ್ಲೂಕುಗಳ ಕಲ್ಲುಗಳು ಅದರಲ್ಲಿ ಊರೂರಿನಂತೆ ಸೇರಿವೆ. ಆ ಮಹನೀಯರು ಮಾಡಿದ ಉಪಕಾರಕ್ಕೆ ಕನ್ನಡಿಗರು ಎಂದೆಂದೂ ಋಣಿಗಳು. ಆದರೆ ಪೀಠಿಕೆ ನಡೆಯುವುದು ರಾಜವಂಶಗಳ ಕ್ರಮದಲ್ಲಿ: ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು. ದನಗಳನ್ನು ಬಿಡಿಸಿ ತರಲು ಹೋಗಿ ಸತ್ತವನ ಕಲ್ಲಿನಿಂದಲೂ ಇತಿಹಾಸ ಎತ್ತಿಕೊಂಡದ್ದು ಅವನ ಕಾಲದ ರಾಜನ ಹೆಸರನ್ನು, ಶಕವರ್ಷವನ್ನು. 1923ರಲ್ಲಿ ಆರ್. ನರಸಿಂಹಾಚಾರ್ಯರು ಶಾಸನ ಪದ್ಯಮಂಜರಿಯನ್ನು ಕೊಟ್ಟು ಶಾಸನಗಳಲ್ಲಿ ಸಾಹಿತ್ಯವಿದೆಯೆಂದು ನಮ್ಮ ಕಣ್ಣು ತೆರೆಸಿದರು. ಅದರ ಫಲವನ್ನು ಉಂಡವರಲ್ಲಿ ನಾನೂ ಒಬ್ಬ. ಆದರೂ ಹೆಸರೇ ಹೇಳುವಂತೆ ಅದು ಪದ್ಯಗಳ ಗೊಂಚಲು. ಹೂವನ್ನು ಬಿಡಿಸಿ ತಂದಾಗ ಗಿಡ ಹಿಂದುಳಿಯುತ್ತದೆ. ವೀರಗಲ್ಲುಗಳ ಬಹುಭಾಗ ಗದ್ಯ. ಅದು ಒರಟು, ಚಿಕ್ಕದು, ಬರೆದವನಿಗೆ ವ್ಯಾಕರಣದ ಪರಿಚಯ ಸಾಲದೆಂದು ತೋರುವಂಥದು. ತರಗತಿಗಳಲ್ಲಿ ನಾವು ಪದ್ಯವನ್ನು ಪಾಠ ಹೇಳಿ ಗದ್ಯವನ್ನು ಇತಿಹಾಸದವರಿಗೆ ಬಿಟ್ಟೆವು. ಇತಿಹಾಸದವರು ಅದರಿಂದ ಇಸವಿಯನ್ನು ತೆಗೆದುಕೊಂಡು ಉಳಿದುದನ್ನು ನಮಗೆ ಬಿಟ್ಟರು. ನಡುವೆ ಸತ್ತವನ ಹೆಸರು ಅನಾಥವಾಯಿತು.

ಈ ಕೊರತೆಯನ್ನು ತುಂಬುವ ಕೆಲಸ ನಡೆದೇ ಇಲ್ಲವೆಂದರೆ ಅನ್ಯಾಯವಾದೀತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂದಾಗ ಶಾಸನದ ಹಿಂದಿನ ಜನಜೀವನ ಮೊದಲಬಾರಿಗೆ ತುಂಬಾಗಿ ಕಾಣಿಸಿತು. ಆರ್. ಶೇಷಶಾಸ್ತ್ರಿಗಳು 1982ರಲ್ಲಿ ಕರ್ನಾಟಕದ ವೀರಗಲ್ಲುಗಳನ್ನು ಕುರಿತೇ ಗ್ರಂಥ ರಚಿಸಿದರು. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳನ್ನು ಇಂಥ ಗ್ರಂಥಗಳ ನೆರವಿನಿಂದ ಓದಿದವನಿಗೆ ಆ ಒರಟು ಗದ್ಯದ ಶಕ್ತಿ ಗೊತ್ತಾಗುತ್ತದೆ. ದನಕ್ಕಾಗಿ, ಊರಿಗಾಗಿ, ಹೆಣ್ಣಿನ ಮಾನಕ್ಕಾಗಿ ಸತ್ತ ಕಾರಣವನ್ನು ಒಂದೊಂದು ಪದ ಹೇಳಿಬಿಡುತ್ತದೆ. ಅಲಂಕಾರಕ್ಕೆ ಅಲ್ಲಿ ಎಡೆಯೇ ಇಲ್ಲ. ಕಲ್ಲುಕುಟಿಗನಿಗೆ ಜಾಗ ಕಡಿಮೆ, ಹೇಳಬೇಕಾದುದು ದೊಡ್ಡದು. ಈ ಅಡಕವನ್ನು ಶೈಲಿಯೆಂದು ಗುರುತಿಸದ ನಮ್ಮ ವಿಮರ್ಶೆ ಏನೋ ಒಂದನ್ನು ಕಳೆದುಕೊಂಡಿದೆಯೆಂದೇ ನನ್ನ ಅಭಿಪ್ರಾಯ.

ಕಲ್ಲು ಇದ್ದಲ್ಲಿಯೇ ಇರುವುದರಿಂದ ಏನು ಪ್ರಯೋಜನವೆಂಬುದಕ್ಕೆ ಮಾಗಡಿ ತಾಲ್ಲೂಕಿನ ಕೆಂಪಾಪುರವೇ ಉದಾಹರಣೆ. ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡರ ಸಮಾಧಿಯನ್ನು ಸಂಶೋಧಕರು ಅಲ್ಲಿ ಗುರುತಿಸಿದ್ದು 2015ರಲ್ಲಿ. ಅದಕ್ಕೆ ಆಧಾರವಾದದ್ದು ಅಲ್ಲಿಯೇ ಉಳಿದಿದ್ದ ಶಾಸನ. 2022ರಲ್ಲಿ ವಿಮಾನ ನಿಲ್ದಾಣದ ಬಳಿ ಅವರ 108 ಅಡಿಯ ಪ್ರತಿಮೆ ಎದ್ದಿತು; ಅದನ್ನು ಕಂಡು ಎಲ್ಲರಿಗೂ ಸಂತೋಷವಾಗಿದೆ. ಆದರೆ ಅವರು ಎಲ್ಲಿ ಮಣ್ಣಾದರೆಂದು ಹೇಳಿದ್ದು ಅಷ್ಟು ಎತ್ತರವಿಲ್ಲದ ಒಂದು ಕಲ್ಲು. ಅದನ್ನು ಯಾರಾದರೂ ಅಲಂಕಾರಕ್ಕೆಂದು ಕಿತ್ತು ಒಯ್ದಿದ್ದರೆ ಕಲ್ಲೂ ಮೂಕವಾಗುತ್ತಿತ್ತು, ಸ್ಥಳವೂ ಮೂಕವಾಗುತ್ತಿತ್ತು.

ಸಂಗ್ರಹವೇ ಬೇಡವೆಂದು ನಾನು ಹೇಳುತ್ತಿಲ್ಲ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ತೆರೆದ ಜಾನಪದ ಲೋಕವನ್ನು ನೋಡಿದವರು ಹಾಗೆನ್ನಲಾರರು. ಹಳ್ಳಿಗಳಲ್ಲಿ ಒಲೆಗೋ ತಿಪ್ಪೆಗೋ ಹೋಗಬಹುದಾಗಿದ್ದ ಎಷ್ಟೋ ವಸ್ತುಗಳು ಅಲ್ಲಿ ಉಳಿದುಕೊಂಡಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ರೈಸರ ಸಂಪುಟವನ್ನು ಕೈಯಲ್ಲಿ ಹಿಡಿದು ಊರೂರು ಅಲೆದು, ಕಲ್ಲುಗಳನ್ನು ಹುಡುಕಿ, ಮೂರು ಆಯಾಮದ ಚಿತ್ರಗಳನ್ನು ತೆಗೆಯುವ ಕೆಲಸ ಕೈಗೊಂಡರು. ಇಂಥ ಸಂಗ್ರಹದಲ್ಲಿ ಕಲ್ಲು ಊರಿನಲ್ಲೇ ಇರುತ್ತದೆ, ಅಕ್ಷರ ಲೋಕಕ್ಕೆಲ್ಲ ಸಿಗುತ್ತದೆ. 2018ರಲ್ಲಿ ಹೆಬ್ಬಾಳದಲ್ಲಿ ಅಗೆಯುವಾಗ ಸಿಕ್ಕ ಶ್ರೀಪುರುಷನ ಕಾಲದ ವೀರಗಲ್ಲಿನಿಂದ ಕಿತ್ತಯ್ಯನೆಂಬವನ ಹೆಸರು ಸುಮಾರು ಸಾವಿರದ ಇನ್ನೂರ ಎಪ್ಪತ್ತು ವರ್ಷಗಳ ಮೇಲೆ ಮತ್ತೆ ಜನರ ಬಾಯಿಗೆ ಬಂತು. ರಟ್ಟವಾಡಿಯವರು ಮೇಲೆ ಬಿದ್ದಾಗ ಊರನ್ನು ಕಾಯ್ದು ಸತ್ತವನು ಆತ.

ಈ ಮಾತುಗಳನ್ನು ಬರೆಯಲು ಕಾರಣವಾದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಕನಕಪುರದ ಕಡೆಯ ಹಳ್ಳಿಯೊಂದರಿಂದ ಬರುವ ನನ್ನ ವಿದ್ಯಾರ್ಥಿ ಕಳೆದ ವರ್ಷ ತನ್ನೂರ ಕೆರೆಯ ಏರಿಯ ಮೇಲಿನ ಕಲ್ಲೊಂದರ ಚಿತ್ರ ತೋರಿಸಿದ. ಕೆಳಗೆ ಕತ್ತಿ ಹಿಡಿದ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಅಂಕಣಗಳ ನಡುವಣ ಪಟ್ಟಿಗಳಲ್ಲಿ ಸವೆದ ಅಕ್ಷರ. “ಸಾರ್, ಯಾರೋ ಕಾರಿನಲ್ಲಿ ಬಂದಿದ್ದರು. ತೋಟದ ಮನೆಯ ಮುಂದೆ ನಿಲ್ಲಿಸುವುದಕ್ಕೆ ಈ ಕಲ್ಲು ಕೊಡಿ, ದುಡ್ಡು ಕೊಡ್ತೀವಿ ಅಂದರು. ಅಕ್ಷರ ಇರೋ ಕಡೆ ಉಜ್ಜಿ ನಯ ಮಾಡಿಸಿದರೆ ಇನ್ನೂ ಚೆನ್ನಾಗಿರುತ್ತೆ ಅಂತಾನೂ ಅಂದರು,” ಎಂದ. ಊರಿನವರು ಏನೆಂದರೆಂದು ಕೇಳಿದೆ. “ನಮ್ಮ ತಾತ ಒಪ್ಪಲಿಲ್ಲ ಸಾರ್. ಅವನು ನಮ್ಮೂರ ಈರಗಾರ, ಹಬ್ಬಕ್ಕೆ ಎಣ್ಣೆ ಹಚ್ತೀವಿ, ಅವನನ್ನ ಮಾರೋದುಂಟಾ ಅಂದುಬಿಟ್ಟರು.”

ನೂರು ವರ್ಷ ಮೀರಿದ ಇಂಥ ಶಿಲ್ಪವನ್ನು ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲವೆಂದು 1972ರ ಪ್ರಾಚೀನ ವಸ್ತುಗಳ ಕಾಯಿದೆ ಹೇಳುತ್ತದೆ. ಆ ಮುದುಕರಿಗೆ ಕಾಯಿದೆ ಗೊತ್ತಿರಲಾರದು. ಕಲ್ಲಿನಲ್ಲಿರುವ ಹೆಸರೂ ಗೊತ್ತಿಲ್ಲ. ಆದರೆ ಅದು ‘ಅದು’ ಅಲ್ಲ, ‘ಅವನು’ ಎಂಬುದು ಗೊತ್ತು. ಕಾರಿನಲ್ಲಿ ಬಂದ ವಿದ್ಯಾವಂತರಿಗೆ ಕಂಡದ್ದು ಕೆತ್ತನೆ. ಉಜ್ಜಿ ಹಾಕಬೇಕೆನಿಸಿದ್ದು ಹೆಸರು. ಈ ಇಬ್ಬರಲ್ಲಿ ಒಳ್ಳೆಯ ಓದುಗ ಯಾರೆಂಬುದನ್ನು ನಾನು ಹೇಳಬೇಕಾಗಿಲ್ಲ. ಆದರೂ ಮುದುಕರ ಭಕ್ತಿಯೊಂದೇ ಸಾಲದು. ಎಣ್ಣೆ-ಮಸಿಗಳ ಪದರದ ಕೆಳಗೆ ಅಕ್ಷರ ವರ್ಷವರ್ಷಕ್ಕೂ ಮುಚ್ಚಿಹೋಗುತ್ತಿದೆ. ಓದಬಲ್ಲ ನಾವು ಅಲ್ಲಿಗೆ ಹೋಗಿ ಓದಿ ಹೇಳಿದರೆ ಅವರ ಈರಗಾರನಿಗೆ ಹೆಸರು ಬರುತ್ತದೆ, ನಮ್ಮ ಓದಿಗೆ ಒಬ್ಬ ಮನುಷ್ಯ ಸಿಗುತ್ತಾನೆ.

ನಾನೂ ಆ ಹುಡುಗನೂ ಒಂದು ಭಾನುವಾರ ಹೋಗಿ, ನೀರು ಚಿಮುಕಿಸಿ, ಬಿಸಿಲು ಓರೆಯಾಗುವವರೆಗೆ ಕಾದು ಕುಳಿತು ನೋಡಿದೆವು. ‘ಸ್ವಸ್ತಿ’ ಎಂಬುದು ಸ್ಪಷ್ಟವಾಗಿತ್ತು. ತುರು ಎಂಬ ಮಾತು ಕಂಡಿತು. ಆದ್ದರಿಂದ ಅವನು ಸತ್ತದ್ದು ದನಗಳಿಗಾಗಿ. ಹೆಸರಿನಲ್ಲಿ ಮೊದಲ ಎರಡು ಅಕ್ಷರ ಮಾತ್ರ ಕೂಡಿಬಂದವು. ಅವನ್ನು ಬರೆದುಕೊಂಡು ಬಂದೆವು. ಉಳಿದ ಅಕ್ಷರಗಳಿಗಾಗಿ ಮತ್ತೆ ಹೋಗಬೇಕು.